ನೆರೆ ಪರಿಹಾರಕ್ಕೆ ಕಂಪನಿಯ ನೆರವು: ಹಣ ವ್ಯರ್ಥವಾಗದಂತೆ, ಹೆಸರು ಕೆಡದಂತೆ ನಿರ್ವಹಿಸುವ ಕ್ರಮ

ಮಳೆಗಾಲದಲ್ಲಿ ಕೃಷ್ಣಾ ತೀರದಲ್ಲೋ ಕೊಡಗಿನಲ್ಲೋ ಅನಾಹುತವಾದ ಮರುದಿನವೇ ನೆರವು ಘೋಷಿಸುವ ಕಂಪನಿಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಕೆಲವು ತಿಂಗಳು ಕಳೆದ ಮೇಲೆ ಅವುಗಳಲ್ಲಿ ಹಲವು ಕೇಳುವ ಪ್ರಶ್ನೆಯೂ ಒಂದೇ: ಇಷ್ಟು ಕೊಟ್ಟರೂ ಬೈಗುಳವೇ ಏಕೆ ಬಂತು? ಮೊತ್ತ ಸಾಲದೆ ಬೈಸಿಕೊಂಡ ಕಂಪನಿಗಳು ಬಹಳ ಕಡಿಮೆ. ಮೊದಲು ಘೋಷಣೆ, ಆಮೇಲೆ ಹಣದ ಮೂಲದ ಹುಡುಕಾಟ, ಎಲ್ಲಕ್ಕಿಂತ ಕೊನೆಗೆ ಸಂತ್ರಸ್ತರ ಅಗತ್ಯದ ವಿಚಾರಣೆ ಎಂಬ ತಲೆಕೆಳಗಾದ ಕ್ರಮದಿಂದಲೇ ಹೆಚ್ಚಿನ ಎಡವಟ್ಟುಗಳು ಆಗುತ್ತವೆ. ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ವಿಭಾಗ, ಪ್ರಚಾರ ವಿಭಾಗ ಮತ್ತು ಹಣಕಾಸು ವಿಭಾಗದವರು ಒಟ್ಟಿಗೆ ಕುಳಿತು ಅನುಸರಿಸಬಹುದಾದ ಸರಿಯಾದ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

ಆರಂಭಕ್ಕೆ ಮುನ್ನ ಕೈಯಲ್ಲಿರಬೇಕಾದವು

ಹಿಂದಿನ ಮೂರು ವರ್ಷಗಳ ನಿವ್ವಳ ಲಾಭದ ಲೆಕ್ಕ, ಈ ವರ್ಷ ಈಗಾಗಲೇ ಖರ್ಚಾಗಿರುವ ಸಿಎಸ್‌ಆರ್ ಮೊತ್ತ, ತುರ್ತು ನಿರ್ಧಾರ ಕೈಗೊಳ್ಳುವ ಅಧಿಕಾರ ಯಾರಿಗಿದೆ ಎಂಬ ಆಡಳಿತ ಮಂಡಳಿಯ ನಿರ್ಣಯ, ಬಾಧಿತ ಜಿಲ್ಲೆಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಸಂಪರ್ಕ, ಆ ಜಿಲ್ಲೆಯಲ್ಲಿ ಇರುವ ನಿಮ್ಮ ನೌಕರರು, ಗುತ್ತಿಗೆ ಕಾರ್ಮಿಕರು ಮತ್ತು ಡೀಲರುಗಳ ಪಟ್ಟಿ. ಇವಿಷ್ಟನ್ನೂ ಮೇ ತಿಂಗಳಲ್ಲೇ ಸಿದ್ಧಪಡಿಸಿ ಇಟ್ಟುಕೊಳ್ಳಬೇಕು. ನೀರು ಏರಿದ ಮೇಲೆ ಆಡಳಿತ ಮಂಡಳಿಯ ಸದಸ್ಯರ ಸಹಿಗಾಗಿ ಓಡಾಡುವುದರಲ್ಲೇ ಮೊದಲ ವಾರ ಕಳೆದುಹೋಗುತ್ತದೆ.

ಹಂತ 1: ಮೊದಲ ಒಂದೆರಡು ದಿನ ಪ್ರಚಾರವನ್ನು ನಿಲ್ಲಿಸಿ

ಮೊದಲ ಕೆಲಸ, ಮುಂಚಿತವಾಗಿ ಸಮಯ ನಿಗದಿಪಡಿಸಿಟ್ಟ ಎಲ್ಲ ಜಾಹೀರಾತು, ಎಸ್‌ಎಂಎಸ್ ಮತ್ತು ಸಾಮಾಜಿಕ ಜಾಲತಾಣದ ಪೋಸ್ಟುಗಳನ್ನು ತಡೆಹಿಡಿಯುವುದು. "ಈ ಮಳೆಗೆ ಭರ್ಜರಿ ರಿಯಾಯಿತಿ" ಎಂಬ ಸಂದೇಶ ಮನೆ ಕಳೆದುಕೊಂಡವನ ಮೊಬೈಲಿಗೆ ಹೋಗಿ ಬಿದ್ದರೆ ಮುಂದೆ ಕೊಡುವ ಯಾವ ದೇಣಿಗೆಯೂ ಅದನ್ನು ಅಳಿಸಲಾರದು. 2012ರಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಸ್ಯಾಂಡಿ ಚಂಡಮಾರುತ ಅಪ್ಪಳಿಸಿದಾಗ ಅಮೆರಿಕನ್ ಅಪ್ಯಾರಲ್ ಎಂಬ ಉಡುಪು ಕಂಪನಿ, ಚಂಡಮಾರುತದ ಹೊತ್ತಿನಲ್ಲಿ ಬೇಸರವಾಗಿದ್ದರೆ ಖರೀದಿ ಮಾಡಿ ಎಂಬ ಧಾಟಿಯಲ್ಲಿ 20 ಶೇಕಡಾ ರಿಯಾಯಿತಿ ಪ್ರಕಟಿಸಿ ಛೀಮಾರಿ ಹಾಕಿಸಿಕೊಂಡಿತು. ಕಂಪನಿಯ ಹೆಸರಿನೊಂದಿಗೆ ಆ ಪ್ರಸಂಗ ಇಂದಿಗೂ ತಳಕು ಹಾಕಿಕೊಂಡಿದೆ.

ಎರಡನೆಯದು, ನಿಮ್ಮವರ ಸ್ಥಿತಿಯನ್ನು ವಿಚಾರಿಸುವುದು. ಬಾಧಿತ ತಾಲ್ಲೂಕಿನಲ್ಲಿರುವ ಕಾಯಂ ನೌಕರರಿಗಷ್ಟೇ ಫೋನು ಮಾಡಿ, ಭದ್ರತೆ ಮತ್ತು ಸ್ವಚ್ಛತೆಯ ಗುತ್ತಿಗೆ ಕಾರ್ಮಿಕರನ್ನು ಮರೆಯುವುದು ಸಾಮಾನ್ಯ ತಪ್ಪು. ಹಾಜರಾಗದ ದಿನಗಳ ಕೂಲಿ ಕಡಿತಗೊಳಿಸಿದ ಕಂಪನಿ ಅದೇ ವಾರ ಕೋಟಿ ರೂಪಾಯಿ ದೇಣಿಗೆ ಘೋಷಿಸಿದರೆ, ಸುದ್ದಿ ಆಗುವುದು ಕೂಲಿಯೇ ಹೊರತು ಕೋಟಿಯಲ್ಲ. ನಿಮ್ಮ ಉತ್ಪನ್ನ ತಾಡಪತ್ರಿ, ಕುಡಿಯುವ ನೀರು ಅಥವಾ ಔಷಧಿಯಾಗಿದ್ದರೆ ಆ ಪ್ರದೇಶದ ಅಂಗಡಿಗಳಲ್ಲಿ ಬೆಲೆ ಏರಿದೆಯೇ ಎಂಬುದನ್ನೂ ಡೀಲರುಗಳ ಬಳಿ ಅಂದೇ ವಿಚಾರಿಸಿ.

ಹಂತ 2: ಯಾವ ಹಣ, ಯಾವ ಲೆಕ್ಕ ಎಂಬುದನ್ನು ಕಾಗದದ ಮೇಲೆ ತೀರ್ಮಾನಿಸಿ

ಅತಿ ಹೆಚ್ಚು ಕಂಪನಿಗಳು ಎಡವುವುದು ಇಲ್ಲಿಯೇ ಆದ್ದರಿಂದ ಈ ಹಂತವನ್ನು ತುಸು ನಿಧಾನವಾಗಿ ಓದಬೇಕು.

ಹಿಂದಿನ ಆರ್ಥಿಕ ವರ್ಷದಲ್ಲಿ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ರೂಪಾಯಿ ವಹಿವಾಟು ಅಥವಾ 5 ಕೋಟಿ ರೂಪಾಯಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ 2 ಶೇಕಡಾ ಮೊತ್ತವನ್ನು ಸಿಎಸ್‌ಆರ್‌ಗೆ ಖರ್ಚು ಮಾಡಬೇಕೆಂದು 2013ರ ಕಂಪನಿ ಕಾಯ್ದೆಯ 135ನೇ ಕಲಂ ಹೇಳುತ್ತದೆ. ವಿಪತ್ತು ನಿರ್ವಹಣೆ, ಅಂದರೆ ಪರಿಹಾರ, ಪುನರ್ವಸತಿ ಮತ್ತು ಮರುನಿರ್ಮಾಣದ ಕೆಲಸಗಳು, 2019ರಲ್ಲಿ ಸಿಎಸ್‌ಆರ್‌ಗೆ ಒಪ್ಪುವ ಕೆಲಸಗಳ ಪಟ್ಟಿಯಾದ ಕಾಯ್ದೆಯ 7ನೇ ಅನುಸೂಚಿಗೆ ಪ್ರತ್ಯೇಕವಾಗಿ ಸೇರಿದವು. ಹಾಗೆಂದು ನೆರೆಗೆ ಕೊಟ್ಟದ್ದೆಲ್ಲವೂ ಸಿಎಸ್‌ಆರ್ ಆಗಿಬಿಡುವುದಿಲ್ಲ.

ಮುಖ್ಯಮಂತ್ರಿ ಪರಿಹಾರ ನಿಧಿಗೆ ಕೊಟ್ಟ ಹಣವನ್ನು ಸಿಎಸ್‌ಆರ್ ಖರ್ಚಾಗಿ ತೋರಿಸಲು ಬರುವುದಿಲ್ಲ. ಕಂಪನಿ ವ್ಯವಹಾರಗಳ ಸಚಿವಾಲಯವು 2020ರ ಏಪ್ರಿಲ್‌ನಲ್ಲೇ ಇದನ್ನು ಸ್ಪಷ್ಟಪಡಿಸಿದೆ. ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಕೊಟ್ಟದ್ದನ್ನೂ ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೆ ಕೊಟ್ಟದ್ದನ್ನೂ ತೋರಿಸಬಹುದು. ವಿಧಾನಸೌಧದಲ್ಲಿ ದೊಡ್ಡ ಗಾತ್ರದ ಚೆಕ್ ಹಿಡಿದು ಫೋಟೊ ತೆಗೆಸಿಕೊಂಡ ಮೇಲೆ ಲೆಕ್ಕಪರಿಶೋಧಕರಿಂದ ಈ ವಿಷಯ ತಿಳಿದುಕೊಳ್ಳುವ ಪಾಡು ಬೇಡ. ಮುಖ್ಯಮಂತ್ರಿ ನಿಧಿಗೇ ಕೊಡಬೇಕೆಂಬ ಮನಸ್ಸಿದ್ದರೆ ಧಾರಾಳವಾಗಿ ಕೊಡಬಹುದು, ಆದರೆ ಅದು 2 ಶೇಕಡಾ ಲೆಕ್ಕದ ಹೊರಗಿನ ಹಣ ಎಂದು ಮೊದಲೇ ಬರೆದಿಡಿ.

ಸ್ವಂತ ಉತ್ಪನ್ನವನ್ನು ಕೊಡುವಾಗಲೂ ಇಂಥದೇ ಗೊಂದಲ. ಗೋದಾಮಿನಲ್ಲಿದ್ದ ಬಿಸ್ಕತ್ತನ್ನೋ ಕಂಬಳಿಯನ್ನೋ ಹಂಚಿ, ಅದಕ್ಕೆ ಮಾರುಕಟ್ಟೆ ಬೆಲೆ ಕಟ್ಟಿ ಸಿಎಸ್‌ಆರ್ ಖರ್ಚು ಎಂದು ತೋರಿಸುವಂತಿಲ್ಲ. ಕಾಯ್ದೆ ಕೇಳುವುದು ಹಣದ ಖರ್ಚನ್ನು. ವಸ್ತುರೂಪದ ಕೊಡುಗೆಗೂ ನೌಕರರ ಸ್ವಯಂಸೇವೆಯ ಗಂಟೆಗಳಿಗೂ ಬೆಲೆ ಕಟ್ಟಿ ಸೇರಿಸಲಾಗದು ಎಂದು ಸಚಿವಾಲಯ 2021ರಲ್ಲಿ ವಿವರಿಸಿದೆ. ಉಚಿತವಾಗಿ ಕೊಟ್ಟ ಸರಕಿನ ಮೇಲೆ ಪಡೆದ ಜಿಎಸ್‌ಟಿ ಹೂಡುವಳಿ ತೆರಿಗೆ ಜಮೆಯನ್ನು (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕಟ್ಟಿದ ತೆರಿಗೆಗೆ ಸಿಗುವ ವಜಾ) ಹಿಂದಿರುಗಿಸಬೇಕು. ಸಿಎಸ್‌ಆರ್ ಹೊಣೆಗಾಗಿ ಖರೀದಿಸಿದ ಸರಕು ಮತ್ತು ಸೇವೆಗೂ 2023ರ ಅಕ್ಟೋಬರ್‌ನಿಂದ ಆ ಜಮೆ ಸಿಗುವುದಿಲ್ಲ. ಹಣಕಾಸು ವಿಭಾಗದವರು ಸಭೆಯಲ್ಲಿ ಇಲ್ಲದಿದ್ದರೆ ಈ ಮೊತ್ತ ಯಾರ ಅಂದಾಜಿಗೂ ಬಾರದೆ ಉಳಿಯುತ್ತದೆ.

ಇನ್ನು ಪ್ರಚಾರದ ಗೆರೆ. ತನ್ನ ಉತ್ಪನ್ನ ಅಥವಾ ಸೇವೆಗೆ ಮಾರಾಟದ ಲಾಭ ದೊರಕಲೆಂದು ಪ್ರಾಯೋಜಕತ್ವದ ರೂಪದಲ್ಲಿ ಕೊಟ್ಟದ್ದನ್ನು ಸಿಎಸ್‌ಆರ್ ನಿಯಮಗಳು ಸ್ಪಷ್ಟವಾಗಿ ಹೊರಗಿಟ್ಟಿವೆ. ಕಂಪನಿಯ ನೌಕರರಿಗಷ್ಟೇ ಉಪಯೋಗವಾಗುವ ಕೆಲಸವೂ ಹೊರಗೆ. ಆದ್ದರಿಂದ ಟಿವಿ ವಾಹಿನಿಯ ನೆರೆ ಪರಿಹಾರ ಕಾರ್ಯಕ್ರಮದ ಪ್ರಾಯೋಜಕತ್ವ, ಟ್ರಕ್ ಮೇಲಿನ ಬ್ಯಾನರ್, ಪರಿಹಾರ ಕಾರ್ಯದ ವಿಡಿಯೊ ಇವೆಲ್ಲವೂ ಪ್ರಚಾರ ವಿಭಾಗದ ಬಜೆಟ್ಟಿನಿಂದ ಬರಬೇಕು. ಬಾಧಿತ ಪ್ರದೇಶದಲ್ಲಿರುವ ನಿಮ್ಮದೇ ನೌಕರರಿಗೆ ಕೊಡುವ ನೆರವು ಎಷ್ಟೇ ನ್ಯಾಯವಾದುದಾದರೂ ಅದಕ್ಕೂ ಬೇರೆ ಲೆಕ್ಕ.

ನೌಕರರ ಒಂದು ದಿನದ ವೇತನ ಮತ್ತು ಗ್ರಾಹಕರಿಂದ ಸಂಗ್ರಹಿಸಿದ ದೇಣಿಗೆಯನ್ನು ಕಂಪನಿಯ ಮೊತ್ತದಲ್ಲಿ ಕೂಡಿಸಿ "ನಾವು ಕೊಟ್ಟೆವು" ಎನ್ನುವುದು ಕಾನೂನಿನ ಪ್ರಶ್ನೆಗಿಂತ ಮೊದಲು ಮರ್ಯಾದೆಯ ಪ್ರಶ್ನೆ. ಮೂರನ್ನೂ ಮೂರು ಸಾಲುಗಳಲ್ಲಿ ಬೇರೆಬೇರೆಯಾಗಿ ಬರೆಯಿರಿ.

ಹಂತ 3: ಅಗತ್ಯವನ್ನು ಸ್ಥಳದಿಂದ ತಿಳಿಯಿರಿ

ಬೆಂಗಳೂರಿನ ಸಭಾಕೊಠಡಿಯಲ್ಲಿ ಕಿಟ್ ಪಟ್ಟಿ ತಯಾರಿಸಬೇಡಿ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದಿಂದ ಅಗತ್ಯದ ಪಟ್ಟಿ ಪಡೆಯಿರಿ, ಅದರ ಜೊತೆಗೆ ಕನಿಷ್ಠ ಎರಡು ಕಾಳಜಿ ಕೇಂದ್ರಗಳಿಗೆ, ಅಂದರೆ ಜನ ಈಗಲೂ ಗಂಜಿ ಕೇಂದ್ರ ಎಂದೇ ಕರೆಯುವ ಕಡೆಗೆ, ಒಬ್ಬರನ್ನು ಕಳುಹಿಸಿ. ಹೋದವರು ಕಂಪನಿಯ ಟೀಶರ್ಟ್ ಧರಿಸುವುದು ಬೇಡ.

ಶಾಲೆಯೊಂದರಲ್ಲಿ ತೆರೆದ ಕಾಳಜಿ ಕೇಂದ್ರವನ್ನು ಗಮನಿಸಿದರೆ ಪಟ್ಟಿಗೆ ಬಾರದ ಅಗತ್ಯಗಳು ಕಣ್ಣಿಗೆ ಬೀಳುತ್ತವೆ. ತರಗತಿಯೊಳಗೆ ಬೆಂಚುಗಳನ್ನು ಒತ್ತರಿಸಿ ಹಾಸಿದ ಚಾಪೆಗಳು, ಕಿಟಕಿ ಸರಳಿಗೆ ಒಣಗಲು ಕಟ್ಟಿದ ರೇಷನ್ ಕಾರ್ಡ್ ಮತ್ತು ಪಾಸ್‌ಬುಕ್, ಒಂದೇ ಪ್ಲಗ್ ಪಾಯಿಂಟಿಗೆ ಸರದಿಯಲ್ಲಿ ನಿಂತ ಮೊಬೈಲುಗಳು, ಹೊರಗೆ ಆವರಣದ ಗೋಡೆಯ ಪಕ್ಕ ಹಗ್ಗ ಕಟ್ಟಿ ನಿಲ್ಲಿಸಿದ ಎಮ್ಮೆಗಳು. ಒಂದು ಮೂಲೆಯಲ್ಲಿ ಮಾತ್ರ ಯಾವುದೋ ಕಂಪನಿಯ ನೂಡಲ್ಸ್ ಪೆಟ್ಟಿಗೆಗಳು ಒಡೆಯದೆ ಕುಳಿತಿರುತ್ತವೆ, ಏಕೆಂದರೆ ಬೇಯಿಸಲು ಅಲ್ಲಿ ಒಲೆಯೂ ಇಲ್ಲ, ಪಾತ್ರೆಯೂ ಇಲ್ಲ.

ಬೆಳಗಾವಿ, ಬಾಗಲಕೋಟೆ ಭಾಗದಲ್ಲಿ ಜೋಳದ ಹಿಟ್ಟು, ಅವಲಕ್ಕಿ, ಶೇಂಗಾ ಮತ್ತು ದನಗಳ ಮೇವಿಗೆ ಇರುವ ಬೆಲೆ ಬೇರೆ ಯಾವುದಕ್ಕೂ ಇಲ್ಲ. ದನ ಬಿಟ್ಟು ಬರಲು ಒಪ್ಪದ ಕಾರಣಕ್ಕೇ ಎಷ್ಟೋ ಕುಟುಂಬಗಳು ಮುಳುಗುವ ಊರಿನಿಂದ ಕದಲುವುದಿಲ್ಲ. ಭೂಕುಸಿತವಾದ ಗುಡ್ಡಗಾಡಿನಲ್ಲಿ ಟಾರ್ಚ್, ತಾಡಪತ್ರಿ, ಗಮ್‌ಬೂಟು, ರಸ್ತೆ ತೆರವಿನ ಯಂತ್ರಕ್ಕೆ ಡೀಸೆಲ್ ಮೊದಲು ಬೇಕಾಗಬಹುದು. ಎಲ್ಲ ಕಡೆಯೂ ಸ್ಯಾನಿಟರಿ ಪ್ಯಾಡ್, ಒಳ ಉಡುಪು, ಬಕೆಟ್ ಮತ್ತು ಬ್ಲೀಚಿಂಗ್ ಪೌಡರಿನ ಕೊರತೆ ಇದ್ದೇ ಇರುತ್ತದೆ, ಏಕೆಂದರೆ ಇವುಗಳ ಫೋಟೊ ಚೆನ್ನಾಗಿ ಬರುವುದಿಲ್ಲ.

ಹಳೆಯ ಬಟ್ಟೆ ಬೇಡವೇ ಬೇಡ. 2004ರ ಸುನಾಮಿಯ ನಂತರ ನಾಗಪಟ್ಟಣದ ರಸ್ತೆಬದಿಗಳಲ್ಲಿ ಯಾರೂ ಮುಟ್ಟದ ಹಳೆಬಟ್ಟೆಯ ರಾಶಿಗಳು ಬಿದ್ದಿದ್ದವು, ಅವನ್ನು ವಿಲೇವಾರಿ ಮಾಡುವುದೇ ಆಡಳಿತಕ್ಕೆ ಇನ್ನೊಂದು ಹೊರೆಯಾಯಿತು. ನೌಕರರಿಂದ ಬಟ್ಟೆ ಸಂಗ್ರಹಿಸುವ ಪೆಟ್ಟಿಗೆಯನ್ನು ಕಚೇರಿಯ ಸ್ವಾಗತ ಕೋಣೆಯಲ್ಲಿ ಇಡುವ ಪ್ರಸ್ತಾವ ಬಂದೇ ಬರುತ್ತದೆ, ವಿನಯದಿಂದ ನಿರಾಕರಿಸಿ.

ಎಚ್ಚರಿಕೆಯ ಸೂಚನೆ: ಅಗತ್ಯದ ಪಟ್ಟಿ ಬರುವ ಮೊದಲೇ ಚೀಲದ ವಿನ್ಯಾಸ ಒಪ್ಪಿಗೆಗೆ ಬಂದಿದ್ದರೆ ಕೆಲಸ ತಪ್ಪು ದಾರಿ ಹಿಡಿದಿದೆ ಎಂದೇ ಅರ್ಥ.

ಹಂತ 4: ಯಾರ ಮೂಲಕ ಎಂಬುದನ್ನು ನಿರ್ಧರಿಸಿ

ಸಂಸ್ಥೆಯೊಂದರ ಮೂಲಕ ಸಿಎಸ್‌ಆರ್ ಕೆಲಸ ಮಾಡಿಸುವುದಾದರೆ ಅದು ಸಿಎಸ್‌ಆರ್-1 ನಮೂನೆಯಲ್ಲಿ ನೋಂದಣಿಯಾಗಿರಬೇಕೆಂಬ ನಿಯಮ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನೋಂದಣಿ ಸಂಖ್ಯೆ ಇದ್ದರೆ ಸಾಕೆಂದು ತಿಳಿಯಬೇಡಿ. ಆ ತಾಲ್ಲೂಕಿನಲ್ಲಿ ನೆರೆಗೆ ಮುಂಚೆಯೇ ಕೆಲಸ ಮಾಡಿದ ಸಂಸ್ಥೆಯನ್ನು ಹುಡುಕಿ. ಊರಿನ ಸ್ವಸಹಾಯ ಗುಂಪಿನ ಮಹಿಳೆಯರಿಗೂ ಪಂಚಾಯಿತಿಯ ಪಿಡಿಒ ಅವರಿಗೂ ಆ ಸಂಸ್ಥೆಯ ಪರಿಚಯ ಇದೆಯೇ ಎಂದು ಕೇಳಿದರೆ ಒಂದು ಫೋನ್ ಕರೆಯಲ್ಲಿ ಉತ್ತರ ಸಿಗುತ್ತದೆ. ಕಂಪನಿಯ ಸಿಎಸ್‌ಆರ್ ಆಡಳಿತ ವೆಚ್ಚ ಆ ವರ್ಷದ ಒಟ್ಟು ಸಿಎಸ್‌ಆರ್ ಖರ್ಚಿನ 5 ಶೇಕಡಾ ಮೀರಬಾರದು ಎಂಬುದೂ ನೆನಪಿರಲಿ.

ರಾಜಕೀಯ ವ್ಯಕ್ತಿಯೊಬ್ಬರ ಹೆಸರಿನ ಟ್ರಸ್ಟು "ಹಂಚುವ ಹೊಣೆ ನಮ್ಮದು" ಎಂದು ಮುಂದೆ ಬಂದರೆ ದೂರ ಇರುವುದೇ ಲೇಸು.

ಹಂತ 5: ಈಗ ಘೋಷಣೆಯನ್ನು ಬರೆಯಿರಿ

ಘೋಷಣೆಗೆ ಐದನೆಯ ಸ್ಥಾನ ಏಕೆಂದರೆ ಹಿಂದಿನ ನಾಲ್ಕು ಹಂತಗಳ ಉತ್ತರಗಳಿಲ್ಲದೆ ಅದನ್ನು ನಿಖರವಾಗಿ ಬರೆಯಲಾಗದು. "ಸಂತ್ರಸ್ತರೊಂದಿಗೆ ನಾವಿದ್ದೇವೆ, 5 ಕೋಟಿ ರೂಪಾಯಿ ಮೌಲ್ಯದ ನೆರವು ನೀಡಲಿದ್ದೇವೆ" ಎಂಬ ಸಾಲು ಕೆಟ್ಟ ಘೋಷಣೆಯ ಮಾದರಿ. ಮೌಲ್ಯ ಎಂದರೆ ಹಣವೋ, ಮಾರಾಟ ದರದಲ್ಲಿ ಲೆಕ್ಕ ಹಾಕಿದ ಸರಕೋ? ಯಾವ ಜಿಲ್ಲೆಗೆ, ಯಾವಾಗ, ಯಾರ ಮೂಲಕ? ಪತ್ರಕರ್ತರು ಕೇಳುವ ಮೊದಲ ನಾಲ್ಕು ಪ್ರಶ್ನೆಗಳೂ ಇವೇ.

ಸರಿಯಾದ ಮಾದರಿ ಹೀಗಿರುತ್ತದೆ: "ಕಂಪನಿಯು ತನ್ನ ಸಿಎಸ್‌ಆರ್ ನಿಧಿಯಿಂದ ಇಂತಿಷ್ಟು ರೂಪಾಯಿಯನ್ನು ಇಂಥ ತಾಲ್ಲೂಕಿನ ಇಷ್ಟು ಹಳ್ಳಿಗಳ ಕುಡಿಯುವ ನೀರು ಮತ್ತು ಮೇವಿಗಾಗಿ, ಇಂಥ ಸಂಸ್ಥೆಯ ಮೂಲಕ, ಇಂಥ ತಿಂಗಳ ಕೊನೆಯೊಳಗೆ ಖರ್ಚು ಮಾಡಲಿದೆ. ಇದರ ಹೊರತಾಗಿ ನೌಕರರು ಸ್ವಂತವಾಗಿ ಇಷ್ಟು ಕೊಟ್ಟಿದ್ದಾರೆ. ಖರ್ಚಿನ ವಿವರವನ್ನು ಇಂಥ ದಿನ ಪ್ರಕಟಿಸಲಾಗುವುದು." ಇದರಲ್ಲಿ ಭಾವುಕತೆ ಇಲ್ಲ, ಆದರೆ ಆರು ತಿಂಗಳ ನಂತರ ಯಾರಾದರೂ ತೆಗೆದು ಓದಿದರೂ ಕಂಪನಿ ತಲೆ ತಗ್ಗಿಸಬೇಕಾಗುವುದಿಲ್ಲ.

ಮಾರಾಟಕ್ಕೆ ಜೋಡಿಸಿದ ದೇಣಿಗೆ, ಅಂದರೆ ಪ್ರತಿ ಖರೀದಿಗೆ ಇಷ್ಟು ರೂಪಾಯಿ ಎಂಬ ಯೋಜನೆ, ಮಾಡಲೇಬೇಕೆಂದಿದ್ದರೆ ಬೆಲೆ ಏರಿಸದೆ ಕಂಪನಿಯ ಪಾಲಿನಿಂದಲೇ ಕೊಡಬೇಕು ಮತ್ತು ಅವಧಿಯನ್ನು ಮೊದಲೇ ತಿಳಿಸಬೇಕು. ಜಪಾನಿನ ಯಮಾಟೊ ಸಾರಿಗೆ ಕಂಪನಿಯು 2011ರ ಭೂಕಂಪ ಮತ್ತು ಸುನಾಮಿಯ ನಂತರ ಒಂದು ವರ್ಷ ಕಾಲ ಪ್ರತಿ ಪಾರ್ಸೆಲ್‌ಗೆ 10 ಯೆನ್‌ನಂತೆ ತೆಗೆದಿಟ್ಟು, ಸುಮಾರು 1,400 ಕೋಟಿ ಯೆನ್ ಒಟ್ಟುಗೂಡಿಸಿ ಕೊಟ್ಟಿತು. ದರ, ಅವಧಿ, ಮೂಲ ಮೂರೂ ಮೊದಲ ದಿನವೇ ತಿಳಿದಿದ್ದರಿಂದ ಯಾರು ಬೇಕಾದರೂ ಲೆಕ್ಕ ಹಾಕಬಹುದಿತ್ತು. ನಮ್ಮಲ್ಲಿ ಇಂಥ ಯೋಜನೆಗಳ ಕೆಳಗೆ "ಷರತ್ತುಗಳು ಅನ್ವಯ" ಎಂಬ ಸಾಲು ಇರುತ್ತದೆ. ಪರಿಹಾರದ ಹಣಕ್ಕೆ ಷರತ್ತು ಅನ್ವಯಿಸುವುದನ್ನು ಓದುಗರು ಕ್ಷಮಿಸುವುದಿಲ್ಲ.

ಹಂತ 6: ಹಂಚುವಾಗ ಲೋಗೊ ಮತ್ತು ಕ್ಯಾಮೆರಾ

2015ರ ಚೆನ್ನೈ ನೆರೆಯಲ್ಲಿ ಪರಿಹಾರ ಸಾಮಗ್ರಿಗಳ ಮೇಲೆ ಅಂದಿನ ಮುಖ್ಯಮಂತ್ರಿಯ ಚಿತ್ರದ ಸ್ಟಿಕರ್ ಅಂಟಿಸಿದ ಪ್ರಕರಣ ದೇಶದ ಉದ್ದಗಲಕ್ಕೂ ಟೀಕೆಗೆ ಗುರಿಯಾಯಿತು. ಅದೇ ನೆರೆಯಲ್ಲಿ ಓಲಾ ಕಂಪನಿ ನೀರು ನಿಂತ ಬಡಾವಣೆಗಳಿಗೆ ದೋಣಿಗಳನ್ನು ಇಳಿಸಿತು. ಹೆಸರು ತಾನಾಗಿಯೇ ಜನರ ಬಾಯಲ್ಲಿ ಹರಡಿತು, ಏಕೆಂದರೆ ಸಾಗಾಟವೇ ಅದರ ಕಸುಬು ಮತ್ತು ಆ ಹೊತ್ತಿಗೆ ಜನರಿಗೆ ಬೇಕಾದದ್ದೂ ಅದೇ. ಕಂಪನಿಗೆ ಗೊತ್ತಿರುವ ಕೆಲಸವನ್ನೇ ನೆರವಾಗಿ ಕೊಟ್ಟಾಗ ಲೋಗೊ ಅಂಟಿಸುವ ಅಗತ್ಯವೇ ಬೀಳುವುದಿಲ್ಲ.

ಪಾಲಿಸಬೇಕಾದ ನಿಯಮಗಳು ಇಷ್ಟು. ವಾಹನದ ಮೇಲೆ ಮತ್ತು ಸರಕಿನ ರಸೀದಿಯಲ್ಲಿ ಕಂಪನಿಯ ಹೆಸರಿದ್ದರೆ ಆಕ್ಷೇಪವಿಲ್ಲ, ಅದು ಹೊಣೆಗಾರಿಕೆಯ ಗುರುತು. ಸಂತ್ರಸ್ತರು ಧರಿಸುವ, ಹೊದೆಯುವ, ಮಲಗುವ ವಸ್ತುಗಳ ಮೇಲೆ ಹೆಸರು ಬೇಡ. ಕಿಟ್ ಕೈಯಲ್ಲಿ ಹಿಡಿದು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುವುದನ್ನು ಪೂರ್ತಿ ಕೈಬಿಡಿ; ಪುರಾವೆ ಬೇಕಿದ್ದರೆ ಸಹಿ ಅಥವಾ ಹೆಬ್ಬೆಟ್ಟಿನ ಪಟ್ಟಿ ಸಾಕು. ಆ ಪಟ್ಟಿಯನ್ನೂ ಆಧಾರ್ ಅಥವಾ ರೇಷನ್ ಕಾರ್ಡಿನ ಪ್ರತಿಗಳನ್ನೂ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚಕೂಡದು.

ಮಕ್ಕಳ ವಿಷಯದಲ್ಲಿ ಇದು ಸೌಜನ್ಯಕ್ಕೆ ಬಿಟ್ಟ ಮಾತಲ್ಲ. 2015ರ ಬಾಲನ್ಯಾಯ ಕಾಯ್ದೆಯು ನೈಸರ್ಗಿಕ ವಿಕೋಪಕ್ಕೆ ತುತ್ತಾದ ಮಗುವನ್ನು ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವೆಂಬ ವ್ಯಾಖ್ಯೆಯೊಳಗೆ ಸೇರಿಸಿದೆ, ಅಂಥ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಸೇರಿದಂತೆ ಗುರುತು ಹೊರಬೀಳುವ ವಿವರಗಳ ಪ್ರಕಟಣೆಯನ್ನು 74ನೇ ಕಲಂ ನಿಷೇಧಿಸುತ್ತದೆ. ಉಲ್ಲಂಘನೆಗೆ ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ಅಳುವ ಮಗುವಿನ ಮುಖವನ್ನು ವಾರ್ಷಿಕ ವರದಿಯ ಮುಖಪುಟಕ್ಕೆ ಹಾಕುವ ಅಭ್ಯಾಸವುಳ್ಳವರು ತಮ್ಮ ವಕೀಲರನ್ನು ಒಮ್ಮೆ ಕೇಳಿಕೊಳ್ಳಬೇಕು.

ಪ್ರಚಾರದ ಖರ್ಚಿಗೆ ಮಿತಿಯನ್ನೂ ಈ ಹಂತದಲ್ಲೇ ಹಾಕಿಕೊಳ್ಳಿ. ವಿಪತ್ತಿಗೆ ಸಂಬಂಧಿಸಿದ್ದಲ್ಲದಿದ್ದರೂ ಫಿಲಿಪ್ ಮಾರಿಸ್ ತಂಬಾಕು ಕಂಪನಿಯ ಉದಾಹರಣೆ ಈ ಮಾತಿಗೆ ತಕ್ಕದ್ದು: 1999ರಲ್ಲಿ ದಾನಕ್ಕೆ ಸುಮಾರು 7.5 ಕೋಟಿ ಡಾಲರ್ ಕೊಟ್ಟು, ಆ ದಾನವನ್ನು ಹೇಳಿಕೊಳ್ಳುವ ಪ್ರಚಾರಕ್ಕೆ ಸುಮಾರು 10 ಕೋಟಿ ಡಾಲರ್ ಸುರಿಯಿತು. ಇಂದು ದಾನವನ್ನು ಮರೆತವರೂ ಈ ಎರಡು ಅಂಕಿಗಳ ಅಂತರವನ್ನು ನೆನಪಿಟ್ಟುಕೊಂಡಿದ್ದಾರೆ. ನನ್ನ ಅಭಿಪ್ರಾಯದಲ್ಲಿ ನೆರವಿನ ಮೊತ್ತದ ನೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಅದರ ಪ್ರಚಾರಕ್ಕೆ ಹೋಗಬಾರದು.

ಹಂತ 7: ಕ್ಯಾಮೆರಾಗಳು ಹಿಂದಿರುಗಿದ ಮೇಲಿನ ಕೆಲಸ

ಬಜೆಟ್ಟಿನ ಅರ್ಧಕ್ಕಿಂತ ಹೆಚ್ಚನ್ನು ಮೊದಲ ತಿಂಗಳ ನಂತರಕ್ಕೆ ಉಳಿಸಿಕೊಳ್ಳಿ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಕಿಟ್‌ಗಳು ವಾರದೊಳಗೆ ತಲುಪಿದವು. ಜಂಬೂರು, ಮದೆನಾಡಿನ ಬಡಾವಣೆಗಳಲ್ಲಿ ಮನೆಗಳ ಹಸ್ತಾಂತರ ನಡೆದದ್ದು 2020ರಲ್ಲಿ. ಇಷ್ಟು ದೀರ್ಘದ ಕೆಲಸವನ್ನು ಆಡಳಿತ ಮಂಡಳಿ ಆರಂಭದಲ್ಲೇ "ನಡೆಯುತ್ತಿರುವ ಯೋಜನೆ" ಎಂದು ಅಂಗೀಕರಿಸಿದರೆ, ಖರ್ಚಾಗದ ಮೊತ್ತವನ್ನು ಆರ್ಥಿಕ ವರ್ಷ ಮುಗಿದ 30 ದಿನಗಳೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ವರ್ಗಾಯಿಸಿ ಮುಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಬಳಸಬಹುದು. ಹಾಗೆ ಅಂಗೀಕರಿಸದಿದ್ದರೆ ಆ ಹಣ ಆರು ತಿಂಗಳೊಳಗೆ 7ನೇ ಅನುಸೂಚಿಯಲ್ಲಿ ಹೇಳಿದ ನಿಧಿಗೆ ಹೋಗಿಬಿಡುತ್ತದೆ, ನೀವು ಮಾತು ಕೊಟ್ಟ ಊರಿಗೆ ಅಲ್ಲ.

ಮನೆ ಕಟ್ಟಿಕೊಡುವುದು ಎಲ್ಲಕ್ಕಿಂತ ಆಕರ್ಷಕವಾದ, ಎಲ್ಲಕ್ಕಿಂತ ಅಪಾಯಕರವಾದ ವಾಗ್ದಾನ. 2009ರ ಉತ್ತರ ಕರ್ನಾಟಕದ ಮಹಾನೆರೆಯ ನಂತರ ಸರ್ಕಾರ ಕೈಗೊಂಡ "ಆಸರೆ" ಯೋಜನೆಯಲ್ಲಿ ಉದ್ಯಮ ಸಂಸ್ಥೆಗಳೂ ಮಠಗಳೂ ದಾನಿಗಳಾಗಿ ಕೈಜೋಡಿಸಿದ್ದವು. ಕಟ್ಟಿದ ಮನೆಗಳಲ್ಲಿ ಅನೇಕವು ವರ್ಷಗಟ್ಟಲೆ ಖಾಲಿ ಬಿದ್ದವು, ಏಕೆಂದರೆ ಹೊಸ ಬಡಾವಣೆ ಹೊಲದಿಂದ ದೂರ, ದನ ಕಟ್ಟಲು ಜಾಗವಿಲ್ಲ, ನೀರು ಮತ್ತು ರಸ್ತೆ ಸಮರ್ಪಕವಾಗಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಮತ್ತೆ ಉಕ್ಕಿದಾಗ ಹಳೆಯ ಊರಿನಲ್ಲೇ ಉಳಿದಿದ್ದ ಜನ ಮತ್ತೆ ಮುಳುಗಿದರು. ಆದ್ದರಿಂದ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಜಾಗ ಯಾರದು, ಹಕ್ಕುಪತ್ರ ಯಾವಾಗ, ಹೊಲಕ್ಕೆ ಎಷ್ಟು ದೂರ, ಕೊಟ್ಟಿಗೆಗೆ ಸ್ಥಳವಿದೆಯೇ, ಕುಡಿಯುವ ನೀರಿನ ಹೊಣೆ ಯಾರದು ಎಂಬ ಪ್ರಶ್ನೆಗಳಿಗೆ ಜಿಲ್ಲಾಡಳಿತದಿಂದ ಲಿಖಿತ ಉತ್ತರ ಪಡೆಯಿರಿ. ಗ್ರಾಮಸಭೆಯಲ್ಲಿ ಮನೆಯ ನಕ್ಷೆ ತೋರಿಸಿ, ಮುಖ್ಯವಾಗಿ ಮಹಿಳೆಯರಿಗೆ. ಅಡುಗೆಮನೆಯ ಹೊಗೆ ಎಲ್ಲಿಗೆ ಹೋಗುತ್ತದೆ ಎಂದು ಅವರು ಮೊದಲು ಕೇಳುತ್ತಾರೆ.

ಉತ್ತರಗಳು ಸಿಗದಿದ್ದರೆ ಮನೆಯ ಬದಲು ಚಿಕ್ಕದನ್ನು ಆರಿಸಿಕೊಳ್ಳಿ. ಕಳೆದುಹೋದ ದಾಖಲೆಗಳನ್ನು ಮರಳಿ ಪಡೆಯಲು ನೆರವಾಗುವ ಕೇಂದ್ರ, ಶಾಲೆಯ ಗೋಡೆ ಮತ್ತು ಶೌಚಾಲಯ ದುರಸ್ತಿ, ಹೊಲದ ಹೂಳು ತೆಗೆಯಲು ಯಂತ್ರದ ಬಾಡಿಗೆ, ಕುರಿ ಕಳೆದುಕೊಂಡವರಿಗೆ ಕುರಿ. ಸರ್ಕಾರದ ಪರಿಹಾರಕ್ಕಾಗಿ ಮನೆ ಹಾನಿಯನ್ನು ಎ, ಬಿ, ಸಿ ಎಂದು ವರ್ಗೀಕರಿಸುವಾಗ ಪಟ್ಟಿಯಿಂದ ಹೊರಗುಳಿಯುವವರು ಸಾಮಾನ್ಯವಾಗಿ ಬಾಡಿಗೆದಾರರು ಮತ್ತು ದಾಖಲೆಯಿಲ್ಲದ ಜಾಗದಲ್ಲಿ ಗುಡಿಸಲು ಹಾಕಿಕೊಂಡವರು. ಕಂಪನಿಯ ಹಣಕ್ಕೆ ಇವರಿಗಿಂತ ಯೋಗ್ಯ ವಿಳಾಸ ಸಿಗುವುದು ಕಷ್ಟ.

ಹಂತ 8: ಲೆಕ್ಕ ಕೊಡಿ, ಟೀಕೆಯನ್ನು ಎದುರಿಸಿ

ಮೂರನೇ ತಿಂಗಳು, ಒಂದು ವರ್ಷ ಮತ್ತು ಯೋಜನೆ ಮುಗಿದ ದಿನ, ಹೀಗೆ ಮೂರು ಬಾರಿ ಖರ್ಚಿನ ವಿವರವನ್ನು ಕನ್ನಡದಲ್ಲಿ ಪ್ರಕಟಿಸಿ, ಅದರ ಒಂದು ಪ್ರತಿಯನ್ನು ಆ ಗ್ರಾಮ ಪಂಚಾಯಿತಿಯ ಫಲಕಕ್ಕೆ ಅಂಟಿಸಿ. ಹೂಡಿಕೆದಾರರಿಗೆ ಇಂಗ್ಲಿಷಿನಲ್ಲಿ ಬಣ್ಣದ ವರದಿ, ಊರಿಗೆ ಏನೂ ಇಲ್ಲ ಎಂಬುದು ಈಗಿನ ರೂಢಿ. ಘೋಷಿಸಿದ್ದಕ್ಕಿಂತ ಕಡಿಮೆ ಖರ್ಚಾಗಿದ್ದರೆ ಕಾರಣ ಸಹಿತ ಹೇಳಿ. ತಡವಾಗಿದ್ದರೆ ಹೊಸ ದಿನಾಂಕ ಕೊಡಿ.

ಟೀಕೆ ಬಂದಾಗ ಮೊದಲು ಮಾಡಬೇಕಾದದ್ದು ಟೀಕಿಸಿದವರು ಹೇಳಿದ ಊರಿಗೆ ಫೋನು ಮಾಡಿ ನಿಜವೇ ಎಂದು ವಿಚಾರಿಸುವುದು. ಕಾನೂನು ನೋಟಿಸು, ಕಾಮೆಂಟುಗಳ ಅಳಿಸುವಿಕೆ, ಹೊಗಳಲು ಹಣ ಕೊಟ್ಟು ತಂದ ಜಾಲತಾಣದ ಪ್ರಭಾವಿಗಳು, ಈ ಮೂರೂ ಸಣ್ಣ ದೂರನ್ನು ದೊಡ್ಡ ಸುದ್ದಿಯಾಗಿಸುವ ಖಚಿತ ಮಾರ್ಗಗಳು. ಕಂಪನಿಯ ಕಾರ್ಖಾನೆಯೋ ಗಣಿಯೋ ಬಡಾವಣೆಯೋ ರಾಜಕಾಲುವೆ, ಕೆರೆ ಅಥವಾ ಗುಡ್ಡದ ಇಳಿಜಾರನ್ನು ಹಾಳುಗೆಡವಿದೆ ಎಂಬ ಆರೋಪವಿದ್ದರಂತೂ ದಾನದ ಮಾತನ್ನು ಸಂಪೂರ್ಣ ನಿಲ್ಲಿಸಿ ಆ ಆರೋಪಕ್ಕೇ ಉತ್ತರ ಕೊಡಬೇಕು. ಅಲ್ಲಿ ಕಿಟ್ ಹಂಚಿದರೆ ಅದು ತಪ್ಪೊಪ್ಪಿಗೆಯಂತೆಯೂ ಲಂಚದಂತೆಯೂ ಏಕಕಾಲಕ್ಕೆ ಕಾಣಿಸುತ್ತದೆ.

ಯೋಜನೆ ಮುಗಿದ ಮೇಲೆ ಮೌಲ್ಯಮಾಪನ. ಹಿಂದಿನ ಮೂರು ವರ್ಷಗಳಲ್ಲಿ ಸರಾಸರಿ 10 ಕೋಟಿ ರೂಪಾಯಿ ಅಥವಾ ಹೆಚ್ಚಿನ ಸಿಎಸ್‌ಆರ್ ಹೊಣೆಯಿರುವ ಕಂಪನಿಗಳು 1 ಕೋಟಿ ರೂಪಾಯಿ ಮತ್ತು ಮೇಲ್ಪಟ್ಟ ವೆಚ್ಚದ, ಮುಗಿದು ಕನಿಷ್ಠ ಒಂದು ವರ್ಷವಾದ ಯೋಜನೆಗಳ ಪರಿಣಾಮವನ್ನು ಸ್ವತಂತ್ರ ಸಂಸ್ಥೆಯಿಂದ ಅಳೆಯಿಸಲೇಬೇಕು. ಸಣ್ಣ ಕಂಪನಿಗಳಿಗೆ ಈ ಕಡ್ಡಾಯವಿಲ್ಲ, ಆದರೂ ಮುಂದಿನ ಮಳೆಗಾಲಕ್ಕೆ ಮುನ್ನ ಒಬ್ಬರನ್ನು ಅದೇ ಊರಿಗೆ ಕಳುಹಿಸಿ, ಕೊಟ್ಟ ನೀರಿನ ಶುದ್ಧೀಕರಣ ಘಟಕ ಓಡುತ್ತಿದೆಯೇ, ಅದರ ಕರೆಂಟ್ ಬಿಲ್ ಯಾರು ಕಟ್ಟುತ್ತಿದ್ದಾರೆ ಎಂದು ನೋಡಿಸಿ. ಬಿಲ್ ಬಾಕಿಯಾಗಿ ಬೀಗ ಬಿದ್ದಿದ್ದರೆ ಹೊಸ ಘೋಷಣೆಗೆ ಮೊದಲು ಆ ಬಾಕಿಯನ್ನು ತೀರಿಸಿ, ಮುಂದಿನ ಬಿಲ್ಲುಗಳ ಹೊಣೆಯನ್ನು ಪಂಚಾಯಿತಿಯೊಂದಿಗೆ ಬರಹದಲ್ಲಿ ಗೊತ್ತುಮಾಡಿಕೊಳ್ಳಿ.